ನಗಾರಿಯ ಹಾಳೆಗೆ ಹಚ್ಚಿದ ಅಂಟು

ನಮ್ಮೂರಿನಲ್ಲಿ ಎಲ್ಲರ ಬಳಿಯೂ ಒಂದೇ ಪುಸ್ತಕ. ಒಬ್ಬೊಬ್ಬರಿಗೆ ಒಂದೊಂದು ಪ್ರತಿ ನಿಜ, ಆದರೆ ಅಕ್ಷರಕ್ಕೆ ಅಕ್ಷರ ಒಂದೇ. ಈ ಮಾತನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ರಟ್ಟಿನ ಬೀದಿಯ ಗುರುಪಾದ ನಾನು. ನಲವತ್ತು ವರ್ಷ ಈ ಪುಸ್ತಕಗಳ ಬೆನ್ನು ಹೊಲಿದವನು, ಮಡಿಸಿದ ಮೂಲೆ ಬಿಡಿಸಿದವನು, ಹರಿದ ರಟ್ಟು ಬದಲಿಸಿದವನು. ತಕ್ಕಡಿಯಲ್ಲಿಟ್ಟರೆ ಊರ ಯಜಮಾನಿಯ ಪುಸ್ತಕಕ್ಕೂ ಕಾಲುವೆಯ ಕೆಸರು ತೆಗೆಯುವವನ ಪುಸ್ತಕಕ್ಕೂ ಕೂದಲೆಳೆಯ ವ್ಯತ್ಯಾಸ ಬರುವುದಿಲ್ಲ. ಹೆಚ್ಚೆಂದರೆ ಒಂದಕ್ಕೆ ತುಪ್ಪದ ಕಲೆ, ಇನ್ನೊಂದಕ್ಕೆ ಇಲಿ ಕಡಿದ ಅಂಚು. ಮಗು ಹುಟ್ಟಿದ ದಿನವೇ ತೊಟ್ಟಿಲ ತಲೆದೆಸೆಯಲ್ಲಿ ಪುಸ್ತಕ ಇರುತ್ತದೆ. ಎಲ್ಲಿಂದ ಬಂತೆಂದು ಬಾಣಂತಿಯನ್ನು ಯಾರೂ ಕೇಳುವುದಿಲ್ಲ. ಅವಳಿಗೆ ಆಗ ಬೇರೆ ಯೋಚನೆ ಇರುತ್ತದೆ.

ಪುಸ್ತಕ ಒಂದೇ ಆದರೂ ಎಲ್ಲರಿಗೂ ಎಲ್ಲ ಹಾಳೆ ತೆರೆಯುವುದಿಲ್ಲ. ಸುಣ್ಣದ ಬೀದಿಯವರಿಗೆ ಗೋಡೆ ಎತ್ತುವ ಹಾಳೆಗಳು ತೆರೆದಿರುತ್ತವೆ, ಗಾಜಿನ ಬೀದಿಯವರಿಗೆ ಕನ್ನಡಕ ಉಜ್ಜುವ ಹಾಳೆಗಳು, ಓಲೆ ಬೀದಿಯವರಿಗೆ ಈ ತುದಿಯ ಸುದ್ದಿಯನ್ನು ಆ ತುದಿಗೆ ಮುಟ್ಟಿಸುವ ಹಾಳೆಗಳು. ಮಿಕ್ಕದ್ದೆಲ್ಲ ಬೆಲ್ಲದಚ್ಚಿನ ಹಾಗೆ ಒಂದಾಗಿ ಗಟ್ಟಿಯಾಗಿ ಕೂತಿರುತ್ತದೆ. ಮೊದಲ ನಲವತ್ತು ಹಾಳೆ ಮಾತ್ರ ಯಾವ ಬೀದಿಯವರಾದರೂ ಸರಿ, ಮುಚ್ಚುವುದಿಲ್ಲ: ಒಲೆ ಹಚ್ಚುವುದು, ನೀರು ಸೇದುವುದು, ಅನ್ನ ಬಸಿಯುವುದು, ಕಸ ಹೊರಗೆ ಹಾಕುವುದು. ಒಲೆ ಹಾಳೆ ಎಂದು ಅವುಗಳ ಹೆಸರು. ಅವು ಇಲ್ಲದಿದ್ದರೆ ಯಾವ ಬೀದಿಯೂ ಒಂದು ವಾರ ಬಾಳುವುದಿಲ್ಲ. ಆದ್ದರಿಂದಲೇ ಅವುಗಳ ಬಗ್ಗೆ ಯಾರೂ ಜಂಭ ಕೊಚ್ಚುವುದಿಲ್ಲ.

ಹಾಲುಹಲ್ಲು ಬೀಳುವ ತನಕ ಮಕ್ಕಳ ಪುಸ್ತಕ ಎಲ್ಲ ಕಡೆಯೂ ಪಟಪಟ ತೆರೆದುಕೊಳ್ಳುತ್ತದೆ. ಮೂರು ವರ್ಷದ ಕೂಸು ಬೆಳಿಗ್ಗೆ ಗೋಡೆ ಕಟ್ಟಿ, ಮಧ್ಯಾಹ್ನ ನಗಾರಿ ಬಾರಿಸಿ, ಸಂಜೆ ಗಾಜು ಉಜ್ಜುತ್ತದೆ, ಮೂರನ್ನೂ ಕೆಟ್ಟದಾಗಿ. ಆಮೇಲೆ ಅದು ಯಾರ ಜಗಲಿಯಲ್ಲಿ ಹೆಚ್ಚು ಹೊತ್ತು ಕೂರುತ್ತದೋ, ಯಾರ ಮಗ್ಗುಲಲ್ಲಿ ನಿದ್ದೆ ಹೋಗುತ್ತದೋ, ಆ ಬೀದಿಯ ಹಾಳೆಗಳು ಉಳಿದು ಮಿಕ್ಕವು ಒಂದೊಂದಾಗಿ ಮುಚ್ಚುತ್ತವೆ. ಅಪ್ಪ ಅಮ್ಮ ಯಾರೆಂಬುದು ಲೆಕ್ಕಕ್ಕಿಲ್ಲ. ನನ್ನಪ್ಪ ಗಾಜಿನ ಬೀದಿಯವನು. ನಾನು ರಟ್ಟಿನ ಬೀದಿಯ ಅಜ್ಜಿಯೊಬ್ಬಳ ಕೋಡುಬಳೆಗೆ ಮರುಳಾಗಿ ಅವಳ ಜಗಲಿ ಬಿಟ್ಟೇಳಲಿಲ್ಲ. ಡಬ್ಬಿ ಖಾಲಿಯಾಗುವಷ್ಟರಲ್ಲಿ ನನ್ನ ಗಾಜಿನ ಹಾಳೆ ಮುಚ್ಚಿ, ಅಂಟು ಕಾಸುವ ಹಾಳೆ ಉಳಿದಿತ್ತು. ಬಾಯಿಚಪಲದಿಂದ ಕಸುಬು ಕಂಡುಕೊಂಡವನು ನಾನು.

ಇನ್ನೊಬ್ಬರ ಪುಸ್ತಕ ನಮ್ಮ ಕಣ್ಣಿಗೆ ಬರಿ ಬಿಳಿ ಕಾಗದ. ನೋಡಿ ಕಲಿಯುವುದು, ಕೇಳಿ ಕಲಿಯುವುದು ನಮ್ಮೂರಲ್ಲಿ ಇಲ್ಲ. ಹಾಳೆ ತೆರೆಯದೆ ಕೈ ಓಡುವುದಿಲ್ಲ. ನನ್ನ ಹೆಂಡತಿಯ ವಿಷಯದಲ್ಲಿ ನಾನು ಮಾಡಿದ್ದು ಎಷ್ಟು ದೊಡ್ಡ ತಪ್ಪೆಂದು ಅರ್ಥವಾಗಬೇಕಾದರೆ ಇಷ್ಟು ಗೊತ್ತಿದ್ದರೆ ಸಾಕು.

ನನ್ನ ಹೆಂಡತಿ ಚೆನ್ನಾಜಮ್ಮ ನಗಾರಿ ಬೀದಿಯ ಮಗಳು. ಆ ಬೀದಿ ಊರಿನ ನಟ್ಟನಡುವೆ ಇದೆ. ಅಲ್ಲಿನ ದೊಡ್ಡ ನಗಾರಿ ಊರು ಹುಟ್ಟಿದಂದಿನಿಂದ ನಿಂತಿಲ್ಲ. ಒಂದೊಂದು ಸುತ್ತಿನಲ್ಲಿ ಎಂಟು ಪೆಟ್ಟು; ಪೆಟ್ಟು ಬಿದ್ದಂತೆಲ್ಲ ಕಾಲುವೆಗಳಲ್ಲಿ ನೀರು ಒಂದೊಂದು ಮಾರು ಮುಂದೆ ಹೋಗುತ್ತದೆ, ಊರಿನವರ ಕೈಕಾಲಿಗೂ ಕಸುವು ಬರುತ್ತದೆ. ಅಲ್ಲಿಯ ಮನೆಗಳು ಸರದಿಯ ಮೇಲೆ ಬಾರಿಸುತ್ತವೆ. ಚೆನ್ನಾಜಮ್ಮ ತನ್ನ ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಲು ನನ್ನ ಅಂಗಡಿಗೆ ಬಂದವಳು, ಕೆಲಸ ಮುಗಿಸಿ ಕೊಟ್ಟಾಗ ತಿರುಗಿಸಿ ಮುರುಗಿಸಿ ನೋಡಿ, “ಪರವಾಗಿಲ್ಲ” ಅಂದಳು. ಊರಿಗೆಲ್ಲ ಹೆಸರಾದ ಕೆಲಸಗಾರನಿಗೆ ಪರವಾಗಿಲ್ಲ ಅಂದವಳನ್ನು ಮದುವೆಯಾಗದೆ ಬೇರೆ ದಾರಿ ಇರಲಿಲ್ಲ.

ಬೀದಿ ದಾಟಿ ಬಂದ ಸೊಸೆಯರಿಗೆ ಹಳೆಯ ಹಾಳೆ ಮುಚ್ಚಿ ಹೊಸದು ತೆರೆಯಲು ನಾಲ್ಕೈದು ತಿಂಗಳು ಬೇಕು. ಅಷ್ಟು ದಿನ ಚೆನ್ನಾಜಮ್ಮ ಕಂಡದ್ದರ ಮೇಲೆಲ್ಲ ತಾಳ ಹಾಕುತ್ತಿದ್ದಳು: ಕೊಡದ ಮೇಲೆ, ಅಂಟಿನ ಪಾತ್ರೆಯ ಮೇಲೆ, ಒಂದು ಸಲ ನನ್ನ ಬೆನ್ನಿನ ಮೇಲೆ. ನನಗೆ ಒಳಗೊಳಗೇ ದಿಗಿಲು. ಹಾಳೆ ಮುಚ್ಚದೆ ವಾಪಸು ತವರು ಸೇರಿದ ಸೊಸೆಯರ ಕಥೆಗಳನ್ನು ನಮ್ಮ ಬೀದಿಯ ಹೆಂಗಸರು ನನಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಅವಳು ಬಟ್ಟೆ ಒಗೆಯಲು ಕಾಲುವೆಗೆ ಹೋದಾಗ ಅವಳ ಪುಸ್ತಕ ಕೈಗೆತ್ತಿಕೊಂಡೆ. ಅಕ್ಷರ ಕಾಣದಿದ್ದರೇನು, ಹೆಬ್ಬೆರಳ ಜಿಡ್ಡು ಹತ್ತಿ ಮೆತ್ತಗಾದ ನಗಾರಿಯ ಹಾಳೆ ತಾನಾಗಿ ತೆರೆದುಕೊಂಡಿತು. ಮೈದಾ ಹಿಟ್ಟಿನ ಅಂಟು ಕಾಸಿ, ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿ, ಒಂದು ಬೆರಳಷ್ಟು ಹಚ್ಚಿ, ಅದನ್ನು ಎದುರು ಹಾಳೆಗೆ ಅಂಟಿಸಿ, ಹಲಗೆಯ ಕೆಳಗೆ ಒತ್ತಿಟ್ಟೆ. ಕಮ್ಮಾರನಾಗಿದ್ದರೆ ಬೀಗ ಜಡಿಯುತ್ತಿದ್ದೆನೋ ಏನೋ. ರಟ್ಟಿನ ಬೀದಿಯವನಿಗೆ ಲೋಕದ ಎಲ್ಲ ಸಂಕಟಕ್ಕೂ ಅಂಟೇ ಮದ್ದು.

ವಾರದಲ್ಲಿ ತಾಳ ನಿಂತಿತು. ತಿಂಗಳಲ್ಲಿ ಅವಳಿಗೆ ಹೊಲಿಗೆಯ ಹಾಳೆ ತೆರೆಯಿತು. ಮೂವತ್ತನಾಲ್ಕು ವರ್ಷ ನಾವಿಬ್ಬರೂ ಎದುರುಬದುರು ಕೂತು ಕೆಲಸ ಮಾಡಿದೆವು. ಅವಳ ಹೊಲಿಗೆಗೆ ನಾನೇ ಪರವಾಗಿಲ್ಲ ಅನ್ನುವ ಧೈರ್ಯ ಮಾಡಲಿಲ್ಲ.

ಹೋದ ವರ್ಷ ನಗಾರಿ ಬೀದಿಗೆ ಕೀಲುಜ್ವರ ಬಂತು. ಒಂದು ಮನೆಯಿಂದ ಇನ್ನೊಂದು ಮನೆಗೆ ಮೊಣಕೈಗಳು ಊದಿಕೊಂಡು, ಎಂಟೇ ದಿನದಲ್ಲಿ ಇಡೀ ಬೀದಿ ಚಾಪೆ ಹಿಡಿಯಿತು. ಉಳಿದವನು ಚೆನ್ನಾಜಮ್ಮನ ಅಣ್ಣ ಉಗ್ರಪ್ಪ ಒಬ್ಬನೇ. ಹೆಸರು ಹಾಗಿದ್ದರೂ ಇರುವೆ ಕಂಡರೆ ಪಕ್ಕಕ್ಕೆ ಸರಿದು ನಡೆಯುವ ಮನುಷ್ಯ. ಎಲ್ಲರ ಸರದಿಯನ್ನೂ ಅವನೇ ಬಾರಿಸತೊಡಗಿದ. ಪೆಟ್ಟು ನಿಧಾನವಾಯಿತು. ಕಾಲುವೆಯ ನೀರು ಯೋಚನೆ ಮಾಡಿ ಮಾಡಿ ಮುಂದೆ ಹೋಗುವಂತಾಯಿತು. ಜನ ಮೆಟ್ಟಿಲು ಹತ್ತುತ್ತ ನಡುವೆಯೇ ಕೂತರು.

ಓಲೆ ಬೀದಿಯ ರಾಚಮ್ಮ ಆ ವರ್ಷದ ಊರ ಯಜಮಾನಿ. ಅವಳ ಜಗಲಿಯಲ್ಲಿ ಸಭೆ ಸೇರಿತು. ಪ್ರತಿಯೊಬ್ಬರ ಪುಸ್ತಕದಲ್ಲೂ ನಗಾರಿಯ ಹಾಳೆ ಇದ್ದೇ ಇದೆ, ಯಾರದ್ದಾದರೂ ಒಂದನ್ನು ತೆರೆಸಿದರೆ ಆಯಿತು, ಹೇಗೆ ಎಂಬುದಷ್ಟೇ ಪ್ರಶ್ನೆ. ಸುಣ್ಣದ ಬೀದಿಯವರು, ಇದು ಗೋಡೆಯ ತೇವದಿಂದ ಹಿಡಿದ ಗಂಟು, ಸುಣ್ಣದಲ್ಲಿ ಹೂತಿಟ್ಟರೆ ಬಿಡುತ್ತದೆ ಅಂದರು. ಗಾಜಿನ ಬೀದಿಯವರು, ಹಾಳೆ ತೆರೆದೇ ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೆ ಎಂದು ಕನ್ನಡಕ ಹಂಚಿದರು. ಓಲೆ ಬೀದಿಯವರು ಹಾಳೆಗೆ ಒಂದು ಕಾಗದ ಬರೆದು ನೋಡೋಣ ಅಂದರು.

ರಾಚಮ್ಮ ಎಲ್ಲರನ್ನೂ ಕೇಳಿ, ಎಲೆ ಅಡಿಕೆ ಉಗಿದು ಬಂದು, “ಬುಡ್ರಪ್ಪ ನಿಮ್ಮ ಪುರಾಣವಾ” ಅಂದಳು. “ಈ ಗುರುಪಾದಪ್ಪನ ಹೆಂಡ್ತಿ ಯಾವ ಬೀದಿಯೋಳು? ನಗಾರಿಯೋಳಲ್ವಾ? ಒಂದು ಸಲ ತೆರೆದಿದ್ದ ಹಾಳೆ. ತವರಲ್ಲಿ ನಾಕು ದಿನ ಮಲಗಿ ಎದ್ದರೆ ತಾನೇ ಬಾಯಿ ಬಿಡ್ತದೆ. ಏನಂತೀಯ ಚೆನ್ನಾಜವ್ವ?”

“ಹೋಯ್ತೀನಿ,” ಅಂದಳು ಚೆನ್ನಾಜಮ್ಮ. ನನ್ನ ಕಡೆ ತಿರುಗಿ, “ಯಾಕ್ರೀ, ಮುಖ ಹಂಗ್ ಬಾಡೋಯ್ತು? ನಾಕು ದಿನ ಒಲೆ ಮುಂದೆ ಕೂತ್ರೆ ಸಾಯಾಕಿಲ್ಲ ನೀವು.”

ನಾನು ಸಾಯುವುದು ಒಲೆಯಿಂದಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಆಗಲೇ ಬಾಯಿಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮೂವತ್ತನಾಲ್ಕು ವರ್ಷ ಹಳೆಯ ಅಂಟು, ತಾನಾಗಿ ಬಿಟ್ಟಿರಬಹುದು ಎಂದುಕೊಂಡೆ. ನನ್ನ ಕೆಲಸ ಇಷ್ಟು ಬೇಗ ಬಿಡುವಂಥದ್ದಲ್ಲ ಎಂಬುದು ನನಗೆ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ ನಾನು ಕೆಟ್ಟ ಕೆಲಸಗಾರನಾಗಿರಲಪ್ಪ ಎಂದು ಬೇಡಿಕೊಂಡೆ.

ನಾಲ್ಕು ದಿನ ಕಳೆದು ಆರಾಯಿತು. ಬುತ್ತಿ ತೆಗೆದುಕೊಂಡು ಹೋದಾಗ ಚೆನ್ನಾಜಮ್ಮ ನಗಾರಿಯ ಪಕ್ಕ ಚಾಪೆಯ ಮೇಲೆ ಪುಸ್ತಕ ತೊಡೆಯಲ್ಲಿಟ್ಟು ಕೂತಿದ್ದಳು. ಉಗ್ರಪ್ಪನ ಮೊಣಕೈ ಎರಡೂ ಪಪ್ಪಾಯದ ಹಾಗೆ ಊದಿದ್ದವು. ಆದರೂ ಬಾರಿಸುತ್ತಿದ್ದ.

“ತವರಿನ ಗಾಳಿ ತಾಕಿ ಹೊಲಿಗೆ ಹಾಳೆ ನೆನ್ನೆ ಮುಚ್ಕೋತು,” ಅಂದಳು ಅವಳು. “ಸೂಜಿಗೆ ದಾರ ಪೋಣಿಸೋದೂ ಮರ್ತೋಯ್ತು ಕಣ್ರೀ. ಇದು ನೋಡಿದ್ರೆ ತೆರೀತಾ ಇಲ್ಲ. ಸುತ್ತಲಿನ ಹಾಳೆಯೆಲ್ಲ ಸಡಿಲಾಗಿದಾವೆ, ಇದೊಂದು ಕಲ್ಲು ಕೂತಂಗೆ ಕೂತದೆ. ಅಲ್ಲಿಯೋಳೂ ಅಲ್ಲ, ಇಲ್ಲಿಯೋಳೂ ಅಲ್ಲ ಆಗೋದೆ. ನನ್ನಲ್ಲೇ ಏನೋ ಕೆಟ್ಟೋಗದೆ ಅನ್ನಿಸ್ತದೆ.”

“ವಯಸ್ಸಾಯ್ತಲ್ಲ ಚೆನ್ನಿ,” ಅಂದ ಉಗ್ರಪ್ಪ, ಎರಡು ಪೆಟ್ಟಿನ ನಡುವೆ ಉಸಿರು ಹಿಡಿದು. “ನಿಧಾನವಾಗಿ ಬರ್ತದೆ ಬುಡು. ನಾನಿದೀನಿ. ಅಲ್ವಾ ಭಾವ?”

ನಾನು ಹೂಂ ಅಂದು ಬುತ್ತಿಯ ಪಾತ್ರೆ ತೊಳೆದುಕೊಂಡು ಮನೆಗೆ ಬಂದೆ. 

ಮಾರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಗಾರಿ ನಿಂತಿತು. ಐದು ಪೆಟ್ಟು ಬಿದ್ದಿತ್ತು, ಆರನೆಯದು ಬರಲಿಲ್ಲ. ಆ ನಿಶ್ಶಬ್ದವನ್ನು ನಮ್ಮೂರಿನವರು ಯಾರೂ ಅದುವರೆಗೆ ಕೇಳಿರಲಿಲ್ಲ. ಕಾಲುವೆಯ ನೀರು ಕನ್ನಡಿಯಾಯಿತು. ನನ್ನ ಕೈಯಲ್ಲಿದ್ದ ಕುಂಚ ಜಾರಿತು. ಗೋಡೆ ಹಿಡಿದುಕೊಂಡು, ಅಂಟು ಬಿಡಿಸುವ ಮೂಳೆಯ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಓಲೆ ಬೀದಿಯವನೊಬ್ಬ ಕೈಯಲ್ಲಿ ಕಾಗದ ಹಿಡಿದು ದಾರಿಯ ನಡುವೆ ಕೂತಿದ್ದ. ಸುದ್ದಿ ಯಾರಿಗೆಂಬುದು ಅವನಿಗೆ ಮರೆತಿತ್ತು. ಸುಣ್ಣದ ಬೀದಿಯಲ್ಲಿ ಅರ್ಧ ಎತ್ತಿದ ಗೋಡೆಗೆ ಒರಗಿ ಗಾರೆಯವರೆಲ್ಲ ಬೆಳ್ಳಗೆ ಬಿಳಿಚಿಕೊಂಡಿದ್ದರು. ರಾಚಮ್ಮ ಜಗಲಿಯಲ್ಲಿ ಮಲಗಿಯೇ, “ಏನಾರ ಮಾಡೋ” ಅಂದಳು. ಅವಳು ಅದನ್ನು ನನಗೇ ಹೇಳಿದಳೋ ಆಕಾಶಕ್ಕೆ ಹೇಳಿದಳೋ ಗೊತ್ತಾಗಲಿಲ್ಲ.

ಉಗ್ರಪ್ಪ ನಗಾರಿಯ ಮೇಲೆ ಕವುಚಿ ಬಿದ್ದಿದ್ದ. ಉಸಿರಿತ್ತು. ಚೆನ್ನಾಜಮ್ಮ ಅವನನ್ನು ಚಾಪೆಗೆ ಎಳೆದು, ಉಗುರಿನಿಂದ ಪುಸ್ತಕ ಕೆರೆಯುತ್ತಿದ್ದಳು. ಅವಳ ಉಗುರಿನ ಸಂದಿಯಲ್ಲಿ ರಕ್ತ.

“ಚೆನ್ನಾಜು, ಕೆರೀಬೇಡ. ಅದು ಮುಚ್ಚಿಲ್ಲ,” ಅಂದೆ. “ಅಂಟಿದೆ. ನಾನೇ ಅಂಟಿಸಿದ್ದು. ಮದುವೆಯಾದ ಮೂರನೇ ತಿಂಗಳು. ನೀನು ಬಟ್ಟೆ ಒಗೆಯೋಕೆ ಹೋದಾಗ.”

ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯುವುದಕ್ಕೆ ನನ್ನಲ್ಲಿ ಯಾವ ಹಾಳೆಯೂ ತೆರೆದಿಲ್ಲ. ಎದ್ದು, ಅನ್ನದ ಪಾತ್ರೆ ಒಲೆಯ ಮೇಲಿಟ್ಟು ಮುಚ್ಚಳ ತೆಗೆದಳು. “ಬಿಡಿಸು,” ಅಂದಳು. ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆಮೇಲೆ ಆ ಅಭ್ಯಾಸ ಬಿಡಲೂ ಇಲ್ಲ.

ಹಬೆಯ ಮೇಲೆ ಪುಸ್ತಕ ಹಿಡಿದು, ಮೂಳೆಯ ಪಟ್ಟಿ ನಿಧಾನಕ್ಕೆ ಒಳಗೆ ತೂರಿಸಿದೆ. ಅಕ್ಕಿ ಬೇಯುವ ವಾಸನೆಯ ಜೊತೆ ಮೈಲುತುತ್ತದ ಕಹಿ ವಾಸನೆ ಎದ್ದಿತು. ಹಾಳೆ ಬೆರಳಿನಷ್ಟು ಬೆರಳಿನಷ್ಟು ಬಿಟ್ಟುಕೊಟ್ಟಿತು. ಕೊನೆಯ ಮೂಲೆಗೆ ಬಂದಾಗ ಊರಿನ ಸೋಲು ನನ್ನ ಕೈಗೂ ಹತ್ತಿತ್ತು. ಪಟ್ಟಿ ವಾರೆಯಾಯಿತು. ಚರ್ ಎಂದು ಹರಿಯಿತು. ಕೆಳಗಿನ ಬಲಮೂಲೆ, ಅರ್ಧ ಅಂಗೈಯಷ್ಟು, ಎದುರು ಹಾಳೆಗೇ ಕಚ್ಚಿ ಉಳಿದು ಪುಡಿಯಾಯಿತು.

ಚೆನ್ನಾಜಮ್ಮ ಹಾಳೆಯ ಮೇಲೆ ಕಣ್ಣಾಡಿಸಿದಳು. ಎದ್ದು ಹೋಗಿ ಕೋಲು ಹಿಡಿದಳು. ಮೊದಲ ಪೆಟ್ಟು ಬಿತ್ತು. ಅಂಗಳದ ತೊಟ್ಟಿಯಲ್ಲಿ ನೀರು ಒಂದು ಸಲ ಮಗ್ಗುಲು ಬದಲಿಸಿತು. ಎರಡು, ಮೂರು, ನಾಲ್ಕು. ಬೀದಿಯಲ್ಲಿ ಯಾರೋ ಕೆಮ್ಮಿದರು. ಐದು, ಆರು, ಏಳು. ಆಮೇಲೆ ಏನೂ ಇಲ್ಲ. ಒಂದು ಪೆಟ್ಟಿನಷ್ಟು ಬರಿದು. ಮತ್ತೆ ಒಂದು, ಎರಡು. ಎಂಟನೆಯ ಪೆಟ್ಟು ಹರಿದ ಮೂಲೆಯಲ್ಲಿತ್ತು.

ಬಾರಿಸುತ್ತಲೇ ಅವಳು ಕೇಳಿದಳು: “ಸೊಸೆ ಹಾಳೆ ಮುಚ್ಚೋಕೆ ಎಷ್ಟು ದಿನ ಬೇಕು?”

“ನಾಲ್ಕೈದು ತಿಂಗಳು.”

“ಮೂರಾಗಿತ್ತು. ತಾಳ ಕಮ್ಮಿ ಆಯ್ತಾ ಇತ್ತು, ನಿಂಗೇ ಗೊತ್ತಿತ್ತು. ತಾನಾಗೇ ನಿನ್ನೋಳಾಯ್ತಾ ಇದ್ದೆನಲ್ಲೋ. ಎರಡು ತಿಂಗಳು ಕಾಯಕ್ಕೆ ಆಗ್ನಿಲ್ವಾ?”

ನಾನು ನೆಲಕ್ಕೆ ಉದುರಿದ್ದ ಮೂಲೆಯ ಪುಡಿಯನ್ನು ಅಂಗೈಗೆ ಬಳಿದುಕೊಂಡೆ.

ಹತ್ತು ದಿನದಲ್ಲಿ ಜ್ವರ ಇಳಿದು ಬೀದಿಯವರು ಒಬ್ಬೊಬ್ಬರಾಗಿ ಎದ್ದರು. ಉಗ್ರಪ್ಪ ಬದುಕಿದ, ಆದರೆ ಅವನ ಮೊಣಕೈ ಎರಡೂ ಕೊರಡಾದವು. ತುತ್ತು ಬಾಯಿಗೆ ತರುವುದೇ ಸಾಹಸ. ಅವನ ಮಧ್ಯಾಹ್ನದ ಸರದಿ ಚೆನ್ನಾಜಮ್ಮನ ಪಾಲಿಗೆ ಬಂತು. ಒಂದೇ ಪೆಟ್ಟಿಗೆ ಒಬ್ಬ ಆಳನ್ನು ಕೂರಿಸುವಷ್ಟು ಪುರುಸೊತ್ತು ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಹೀಗಾಗಿ ಮಧ್ಯಾಹ್ನ ಹನ್ನೆರಡರಿಂದ ಆರರವರೆಗೆ ನಮ್ಮೂರು ಕುಂಟುತ್ತದೆ ಎಂದಾಯಿತು. ಜನ ಹೊಂದಿಕೊಂಡರು, ನಮ್ಮ ಜನ ಯಾವುದಕ್ಕೆ ಹೊಂದಿಕೊಂಡಿಲ್ಲ? ಏಳು ಹೆಜ್ಜೆ ಇಟ್ಟು ಒಂದು ಸಣ್ಣ ಕುಪ್ಪಳ ಹಾಕಿ ಮುಂದೆ ನಡೆದರು. ಕಾಫಿ ಲೋಟವನ್ನು ಎರಡು ಬೆರಳು ಕಮ್ಮಿ ತುಂಬಿದರು. ಗಾಜಿನ ಬೀದಿಯವರು ಸೂಕ್ಷ್ಮದ ಕೆಲಸವನ್ನೆಲ್ಲ ಬೆಳಿಗ್ಗೆಗೆ ಹಾಕಿಕೊಂಡರು. ಅಂಟಿನ ವಿಷಯ ಊರಿಗೆಲ್ಲ ಗೊತ್ತಾಗಿ, ಎಡವಿದವರೆಲ್ಲ ಎದ್ದು ಮಣ್ಣು ಕೊಡವಿಕೊಳ್ಳುತ್ತ, “ಗುರುಪಾದಪ್ಪನ ಮೂಲೆ” ಅನ್ನುತ್ತಿದ್ದರು. ನನ್ನ ಹೆಸರು ಉಳಿಯಲು ಅಷ್ಟು ಸಾಕಾಯಿತು.

ಚೆನ್ನಾಜಮ್ಮ ಮನೆಗೆ ಬರಲಿಲ್ಲ. ನಾನು ಅಂಗಡಿಗೆ ಹಲಗೆ ಹಾಕಿ, ಒಂದು ಚಾಪೆ, ನನ್ನ ಪುಸ್ತಕ ತೆಗೆದುಕೊಂಡು, ನಗಾರಿ ಇರುವ ಅವಳ ತವರುಮನೆಗೆ ಹೋಗಿ ಅವಳ ಎದುರು ನಿಂತೆ.

“ಜಗಲಿ ಮೇಲೆ ಜಾಗ ಅದೆ,” ಅಂದಳು. “ಒಳಗೆ ಇಲ್ಲ.”

ಜಗಲಿಯಲ್ಲಿ ಉಗ್ರಪ್ಪ ಮೊದಲೇ ಇದ್ದ. ನಾನು ಅವನಿಗೆ ತುತ್ತು ತಿನ್ನಿಸುತ್ತಿದ್ದೆ, ಅವನು ನನಗೆ ಬುದ್ಧಿ ತಿನ್ನಿಸುತ್ತಿದ್ದ. ಅಡುಗೆ ನನ್ನ ಪಾಲಿಗೆ ಬಂತು. ನನಗೆ ಬರುವುದಿಲ್ಲ ಎಂದು ಗೊಣಗಿದಾಗ ಒಳಗಿನಿಂದ ಉತ್ತರ ಬಂತು: “ಒಲೆ ಹಾಳೆ ಎಲ್ಲರಿಗೂ ತೆರೆದಿರ್ತದೆ. ನೀನು ತೆರೆದು ನೋಡ್ನಿಲ್ಲ, ಅಷ್ಟೆ.” ತೆರೆದು ನೋಡಿದೆ. ಹನ್ನೆರಡನೆಯ ಹಾಳೆಯಲ್ಲಿ ಸಾರು ಇತ್ತು, ಮೂವತ್ತನಾಲ್ಕು ವರ್ಷ ಉಂಡ ಅದೇ ಸಾರು.

ಎರಡನೆಯ ತಿಂಗಳಲ್ಲಿ ನನ್ನ ಪುಸ್ತಕದ ಕಸುಬಿನ ಹಾಳೆಗಳು ಬಿಗಿಯತೊಡಗಿದವು. ಮೂರನೆಯ ತಿಂಗಳಲ್ಲಿ ಅಂಟು ಕಾಸುವ ಹಾಳೆ ಮುಚ್ಚಿತು. ಹಿಟ್ಟಿಗೆ ನೀರೆಷ್ಟು ಎಂಬುದು ಅರಿವಿನಿಂದ ಜಾರಿಹೋದ ದಿನ ನನಗೆ ಅಳು ಬಂತು. ಉಗ್ರಪ್ಪ ಒರೆಸೋಣವೆಂದು ಕೈ ಎತ್ತಲಾಗದೆ ಅವನೂ ಅತ್ತ. ಅವಳ ಗತಿ ಆಗ ಹೇಗಿತ್ತೆಂದು ನನಗೆ ಮೈಯಲ್ಲಿ ಗೊತ್ತಾದದ್ದು ಆವಾಗ. ನನ್ನದು ಹಳೆಯ ಪುಸ್ತಕ, ಹೊಸ ಹಾಳೆ ತೆರೆಯುತ್ತದೆಂಬ ಭರವಸೆ ಇರಲಿಲ್ಲ. ಎದ್ದು ಹೋಗಿ ರಟ್ಟಿನ ಬೀದಿಯಲ್ಲಿ ಮಲಗಿದ್ದರೆ ಎಲ್ಲ ವಾಪಸು ಬರುತ್ತಿತ್ತು. ಹೋಗಲಿಲ್ಲ. ದಿನಾ ಮಧ್ಯಾಹ್ನ ಕಿಟಕಿಯ ಈಚೆ ಕೂತು ಏಳು ಪೆಟ್ಟು ಕೇಳುತ್ತಿದ್ದೆ, ಎಂಟನೆಯದರ ಜಾಗದಲ್ಲಿ ಕಣ್ಣು ಮುಚ್ಚುತ್ತಿದ್ದೆ.

ಐದನೆಯ ತಿಂಗಳ ಒಂದು ಬೆಳಿಗ್ಗೆ ಹುರುಳಿ ಆರಿಸುತ್ತ ಪಕ್ಕದಲ್ಲಿದ್ದ ಪುಸ್ತಕ ನೋಡಿದೆ. ಬೆಲ್ಲದಚ್ಚಿನಂತಿದ್ದ ಭಾಗದಲ್ಲಿ ಒಂದು ಹಾಳೆ ಮೂಲೆ ಎತ್ತಿತ್ತು. ಬೆರಳಿನಿಂದ ಮುಟ್ಟಲೂ ಹೆದರಿ, ಉಫ್ ಎಂದು ಊದಿದೆ. ಇಡೀ ಹಾಳೆ ತೆರೆಯಲಿಲ್ಲ, ತೆರೆಯುವ ವಯಸ್ಸೂ ಅಲ್ಲ. ತೆರೆದದ್ದು ಕೆಳಗಿನ ಬಲಮೂಲೆ, ಅರ್ಧ ಅಂಗೈಯಷ್ಟು. ಅಲ್ಲಿ ಒಂದೇ ಒಂದು ಪೆಟ್ಟು ಬರೆದಿತ್ತು.

ಪುಸ್ತಕ ಎಲ್ಲರದ್ದೂ ಒಂದೇ ಎಂದು ನಲವತ್ತು ವರ್ಷ ಹೇಳಿಕೊಂಡು ತಿರುಗಿದವನಿಗೆ, ಆ ಮಾತಿನ ಅರ್ಥ ಅವತ್ತು ಹುರುಳಿ ಮೊರದ ಮುಂದೆ ತಿಳಿಯಿತು.

ಮಧ್ಯಾಹ್ನ ಚೆನ್ನಾಜಮ್ಮ ಬಾರಿಸಲು ಕೂತಾಗ, ಕೇಳದೆಯೇ ಹೊಸಿಲು ದಾಟಿ, ಮೂಲೆಯಲ್ಲಿದ್ದ ಉಗ್ರಪ್ಪನ ಕೋಲು ತೆಗೆದುಕೊಂಡು ನಗಾರಿಯ ಆ ಬದಿಗೆ ಕೂತೆ. ಅವಳ ಹುಬ್ಬು ಗಂಟಿಕ್ಕಿತು, ಕೈ ನಿಲ್ಲಲಿಲ್ಲ. ಐದು, ಆರು, ಏಳು. ನಾನು ಹೊಡೆದೆ.

ತೊಟ್ಟಿಯ ನೀರು ತಡೆಯದೆ ಹರಿಯಿತು. ಹೊರಗೆ ಬೀದಿಯಲ್ಲಿ ಕುಪ್ಪಳ ಹಾಕುವ ಅಭ್ಯಾಸವಾಗಿದ್ದವರು ಏಳೆಂಟು ಜನ ಒಟ್ಟಿಗೇ ಎಡವಿ ಬಿದ್ದ ಸದ್ದು ಕೇಳಿಸಿತು. “ಯಾವನೋ ಅವನು!” ಎಂದು ರಾಚಮ್ಮನ ದನಿ.

ಚೆನ್ನಾಜಮ್ಮ ನಾಲ್ಕು ಸುತ್ತು ಬಾರಿಸಿದಳು. ಆಮೇಲೆ, “ಚಾಕು ಹಾಕಿ ಬಿಡಿಸಿದ್ಯಾ?”

“ಇಲ್ಲ.”

“ಹಬೆ ಹಿಡಿದ್ಯಾ?”

“ಇಲ್ಲ ಕಣೆ. ತಾನಾಗೇ.”

“ಎಷ್ಟು ದಿನ ಹಿಡೀತು?”

“ಐದು ತಿಂಗಳು.”

“ಕಾದೆ?”

“ಕಾದೆ.”

 ಸರದಿ ಮುಗಿದ ಮೇಲೆ ಜಗಲಿಗೆ ಹೋಗಿ ನನ್ನ ಚಾಪೆ ಸುತ್ತಿ ಒಳಗೆ ತಂದು ಹಾಕಿದಳು. “ಪೆಟ್ಟು ಹೆಂಗಿತ್ತು?” ಎಂದು ಕೇಳಿದೆ.

“ಪರವಾಗಿಲ್ಲ,” ಅಂದಳು.

ಈಗ ನನಗೆ ಇರುವ ಕಸುಬು ಇಷ್ಟೇ, ಒಂದು ಸುತ್ತಿನಲ್ಲಿ ಒಂದು ಪೆಟ್ಟು. ಏಳು ಅವಳದ್ದು, ಎಂಟನೆಯದು ನನ್ನದು. ಊಟ ಜಾಸ್ತಿಯಾದ ದಿನ ಕಣ್ಣು ಎಳೆಯುತ್ತದೆ, ಒಂದೊಂದು ಪೆಟ್ಟು ತಪ್ಪಿಹೋಗುತ್ತದೆ. ಆಗ ಕಾಲುವೆ ಬಿಕ್ಕುತ್ತದೆ, ಯಾರದೋ ಕಾಫಿ ಚೆಲ್ಲುತ್ತದೆ, ಸುಣ್ಣದ ಬೀದಿಯಲ್ಲಿ ಯಾರೋ ಏಣಿಯ ಮೇಲೆ ಕಾಲು ಜಾರಿ ಸಾವರಿಸಿಕೊಂಡು, ಗುರುಪಾದಪ್ಪ ತೂಕಡಿಸುತ್ತಿದ್ದಾನೆ ಅನ್ನುತ್ತಾರೆ. ಅಷ್ಟರಲ್ಲಿ ಚೆನ್ನಾಜಮ್ಮನ ಕೋಲು ನಗಾರಿ ಬಿಟ್ಟು ನನ್ನ ಮೊಣಕಾಲಿಗೆ ಬಿದ್ದಿರುತ್ತದೆ.